ಒಳಗಡೆ ಹಿಡಿಯಿಲ್ಲದ ಯುದ್ಧದ ಗಾಡಿ

ಹೊಗೆ ಒಳಗೆ ನುಗ್ಗಿದಾಗ ನಾನು ಮೊದಲು ತಡಕಿದ್ದು ಬಾಗಿಲಿನ ಹಿಡಿಯನ್ನು.

ಹಿಡಿ ಇರಲಿಲ್ಲ. ಬರೀ ನುಣುಪಾದ ತಗಡು. ಬಿಸಿಲಿಗೆ ಕಾದ ತಗಡು.

ಇರಿ, ಮೊದಲಿನಿಂದ ಹೇಳುತ್ತೇನೆ. ನನಗೆ ಯುದ್ಧದ ಗಾಡಿಗಳ ಹುಚ್ಚಿರುವುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ಶ್ರೀರಂಗಪಟ್ಟಣದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಹೆಂಗಸಿಗೆ ಇದೆಂಥ ಹುಚ್ಚು ಎಂದು ಕೇಳುವುದನ್ನು ನಮ್ಮತ್ತೆ ಬಿಟ್ಟು ಬಹಳ ಕಾಲವಾಯಿತು.) ನನ್ನ ತಮ್ಮ ಮಹೇಶ ಸೈನ್ಯದಲ್ಲಿದ್ದಾನೆ. ರಜಕ್ಕೆ ಬಂದಾಗಲೆಲ್ಲ ಗಾಡಿಗಳ ಚಿತ್ರವಿರುವ ಹಳೆಯ ಮ್ಯಾಗಜೀನು ತಂದುಕೊಡುತ್ತಾನೆ. ಸಿನಿಮಾದಲ್ಲಿ ಒಂದು ಟ್ಯಾಂಕು ಕಂಡರೆ ಸಾಕು, ಅದು ಯಾವ ಅಸಲಿ ಗಾಡಿಯ ನಕಲು ಎಂದು ಪತ್ತೆ ಹಚ್ಚುವ ತನಕ ನನಗೆ ಕತೆ ತಲೆಗೆ ಹತ್ತುವುದಿಲ್ಲ.

ಇದು ಗೊತ್ತಿದ್ದೇ ಪುಟ್ಟಾಚಾರಿ ನನ್ನನ್ನು ಕರೆದದ್ದು.

ನಾನು ಕೃಷ್ಣರಾಜಪೇಟೆಯಲ್ಲಿ ಕೆಲಸಕ್ಕಿದ್ದಾಗ ಪುಟ್ಟಾಚಾರಿಯ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಆತನದು ಅಲ್ಲೇ ವೆಲ್ಡಿಂಗ್ ಶಾಪು. ಗೇಟು, ಕಿಟಕಿ ಸರಳು, ಟ್ರಾಕ್ಟರಿನ ಟ್ರೇಲರು ಮಾಡುವವನು. ಪಾಂಡವಪುರದ ಕುಂತಿಬೆಟ್ಟದ ಹತ್ತಿರ ಶೂಟಿಂಗಿಗೆ ಬಂದ ಸಿನಿಮಾದವರು ಆತನ ಕೈಗೆ ಮೂರು ಫೋಟೊ ಕೊಟ್ಟು, ಕಬ್ಬು ಹೊರುತ್ತಿದ್ದ ಹಳೆಯ ಲಾರಿಯ ಮೇಲೆ ಸೈನ್ಯದ ಗಾಡಿ ಕಟ್ಟಿಕೊಡು ಅಂದಿದ್ದರು.

ಒಂದು ಭಾನುವಾರ ಎಸ್.ಟಿ.ಡಿ. ಬೂತಿನಿಂದ ಫೋನು. "ನೀವ್ ಬಂದ್ ನೋಡ್ಲೇಬೇಕು ಕಣವ್ವ. ಅಸಲಿ ತರ ಅದಾ ಇಲ್ವಾ ಅಂತ ನೀವೇ ಯೋಳ್ಬೇಕು."

ಹೋಗದೆ ಇರುವವಳೇ ನಾನು? ಸಿಕ್ಕಿದ ಬಸ್ಸು ಹತ್ತಿದೆ.

ಬೆಟ್ಟದ ಬುಡದಲ್ಲಿ, ಬಂಡೆಗಳ ನಡುವೆ ನಿಂತಿತ್ತು. ದೂರದಿಂದ ನೋಡಿ ನಿಜಕ್ಕೂ ಎದೆ ಝಲ್ ಎಂದಿತು. ಹತ್ತಿರ ಹೋದಂತೆ ಒಂದೊಂದೇ ಗುರುತು ಸಿಕ್ಕಿತು. ಚೂಪು ಮೂತಿ, ಮುಂದಿನ ಗಾಜಿನ ಮೇಲೆ ಮುಚ್ಚುವ ಕಬ್ಬಿಣದ ರೆಪ್ಪೆಗಳು: ರಷ್ಯಾದ ಗಸ್ತು ಗಾಡಿ ಬಿ.ಆರ್.ಡಿ.ಎಂ. ಎಂಟು ಚಕ್ರ: ನಮ್ಮ ಸೈನ್ಯದಲ್ಲಿ ಹಿಂದೆ ಇದ್ದ ಸ್ಕಾಟ್. (ಎಂಟರಲ್ಲಿ ಎರಡು ಮರದವು, ನೆಲಕ್ಕೆ ತಾಗುತ್ತಲೇ ಇರಲಿಲ್ಲ.) ಮೇಲೆ ರೊಟ್ಟಿ ಹಂಚು ಕವುಚಿದಂಥ ಚಪ್ಪಟೆ ಗೋಪುರ, ಅದರಲ್ಲೊಂದು ಫಿರಂಗಿ: ಅದು ಸೈನಿಕರನ್ನು ಹೊರುವ ಬಿ.ಎಂ.ಪಿ. ಗಾಡಿಯದು. ಮೂರು ಗಾಡಿ ಸೇರಿ ಒಂದು ಗಾಡಿ!

ಹೇಳಿದೆ. ಪುಟ್ಟಾಚಾರಿಯ ಮುಖ ಅರಳಿತು. "ಮೂರು ಫೋಟೊನೂ ಕರೆಟ್ಟಾಗ್ ಯೋಳ್ಬುಟ್ರಲ್ಲವ್ವ!"

ಒಳಗೆ ಹೇಗಿದೆ ನೋಡಬೇಡವೇ? ಹಿಂಬಾಗಿಲಿನಿಂದ ಹತ್ತಿದೆ. ಒಳಗೆ ಡ್ರೈವರ್ ನಿಂಗಣ್ಣ ಕೂತಿದ್ದ. ಬೆಟ್ಟದ ಪಕ್ಕದ ಊರಿನಲ್ಲಿ ಟ್ರಾಕ್ಟರ್ ಓಡಿಸುವವನು. ಆಗ ಅಸಿಸ್ಟೆಂಟ್ ಡೈರೆಕ್ಟರೊಬ್ಬರು ಇಣುಕಿ, "ಮೇಡಂ, ರಿಹರ್ಸಲ್ ಅಷ್ಟೇ, ಕೂತ್ಕೊಳ್ಳಿ ಬೇಕಾದ್ರೆ" ಅಂದರು. ಬೆಳಿಗ್ಗೆ ಗಾಡಿ ಓಡುವಾಗ ಬಾಗಿಲು ತೆರೆದುಕೊಂಡು ಬಡಿಯುತ್ತಿತ್ತಂತೆ. ಅದಕ್ಕೆ ಹೊರಗಿನಿಂದ ಒಂದು ಕೊಂಡಿ ಹಾಕಿಸಿದ್ದರು. ಆ ಕೊಂಡಿ ಬಿದ್ದ ಸದ್ದು ಕೇಳಿಸಿತು. ನಾನು ತಲೆಕೆಡಿಸಿಕೊಳ್ಳಲಿಲ್ಲ.

ಗಾಡಿ ಸ್ವಲ್ಪ ದೂರ ಹೋಗಿ ನಿಂತಿತು. ಅಷ್ಟರಲ್ಲಿ ಮೋಡ ಸರಿದು ಒಳ್ಳೆಯ ಬೆಳಕು ಬಂದಿರಬೇಕು. ಡೈರೆಕ್ಟರ್ ಮೈಕಿನಲ್ಲಿ ಕೂಗಿದ್ದು ಕೇಳಿಸಿತು: "ಟೇಕ್ ಹೋಗ್ಬಿಡೋಣ!"

ನಾನು ಒಳಗಿರುವುದು ಅವರಿಗೆ ಗೊತ್ತಿತ್ತೇ? ಇಲ್ಲ, ಅಸಿಸ್ಟೆಂಟ್ ಹೇಳಿರಲಿಲ್ಲ.

ಮೊದಲು ಪಟಪಟ ಸಿಡಿತ. ಆಮೇಲೆ ಗಾಡಿಯ ತಳಕ್ಕೆ ಕಟ್ಟಿದ್ದ ಹೊಗೆಯ ಡಬ್ಬಿಗಳು ಹೊತ್ತಿಕೊಂಡವು. ಗಾಡಿಗೆ ಬಾಂಬು ಬಿದ್ದಂತೆ ಕಾಣಬೇಕಿತ್ತಂತೆ. ಹೊಗೆ ಮೇಲೆದ್ದು ಕ್ಯಾಮೆರಾಕ್ಕೆ ಕಾಣಬೇಕಾದದ್ದು, ಕಾಲಡಿಯ ಹಲಗೆಗಳ ಸಂದಿನಿಂದ ಒಳಗೇ ಬಂತು. ಹಳದಿ ಹೊಗೆ. ಪಟಾಕಿಯ ಗಬ್ಬು ವಾಸನೆ. ಉಸಿರು ಎಳೆದರೆ ಗಂಟಲಿಗೆ ಖಾರ ಮೆತ್ತಿದ ಹಾಗೆ.

ಬಾಗಿಲು ತಳ್ಳಿದೆ. ಕದಲಲಿಲ್ಲ. ತಲೆಯ ಮೇಲೆ ಮುಚ್ಚಳವಿತ್ತಲ್ಲ? ಎರಡೂ ಕೈಯಿಂದ ದಬ್ಬಿದೆ. ಅದು ಮುಚ್ಚಳವೇ ಅಲ್ಲ, ಮುಚ್ಚಳದ ಹಾಗೆ ಕಾಣಲೆಂದು ಬೆಸೆದಿದ್ದ ತಗಡು. ಡ್ರೈವರಿನ ಪಕ್ಕದ ಲಾರಿ ಬಾಗಿಲುಗಳ ಮೇಲೂ ಹೊರಗಿನಿಂದ ತಗಡು ಹೊಡೆದಿದ್ದರು. ಮುಂದಿನ ರೆಪ್ಪೆಗಳೂ ಬೆಸೆದವೇ, ನಡುವೆ ಅಂಗೈ ಅಗಲದ ಸೀಳು, ಅಷ್ಟೇ.

"ನಿಂಗಣ್ಣ, ಮುಂದಕ್ಕೆ ಓಡ್ಸಪ್ಪಾ! ಹೊಗೆಯಿಂದ ಆಚೆ ಹೋಗೋಣ!"

"ಆಗಕಿಲ್ಲ ಟೀಚ್ರಮ್ಮ!" ಅವನ ದನಿ ಒಡೆದಿತ್ತು. "ಮುಂದ್ಗಡೆ ಜನ ಮನಗವ್ರೆ. ಎಣ ಆಗಿ ಮನಗವ್ರೆ. ನನ್ ತಮ್ಮನೂ ಅವ್ನೆ ಕಣಮ್ಮ ಅಲ್ಲಿ. ಒಗೇಲಿ ಏನೂ ಕಾಣಕಿಲ್ಲ!"

ಸತ್ತ ಸೈನಿಕರ ಪಾತ್ರಕ್ಕೆ ಊರಿನವರನ್ನೇ ಮಲಗಿಸಿದ್ದರು. ಕದಲಬೇಡಿ ಎಂದು ಗದರಿಸಿಯೂ ಇದ್ದರು. ಗಾಡಿ ಮೇಲೆ ಬಂದರೂ ಅವರು ಏಳುತ್ತಿರಲಿಲ್ಲವೇನೋ. ಹಿಂದೆ ಯಾರಿದ್ದಾರೆ? ಗೊತ್ತಿಲ್ಲ. ನಿಂಗಣ್ಣ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಸೀಳಿನಿಂದ ಇಣುಕುತ್ತಿದ್ದ. ಕೊನೆಗೆ ಇಂಜಿನ್ ಆಫ್ ಮಾಡಿದ. "ಉಸ್ರು ಕಟ್ಟುದ್ರೂ ಸರಿ, ನಾನ್ ತುಳ್ಸಕಿಲ್ಲ" ಅಂದ.

ನಾನು ಬಾಗಿಲು ಬಡಿದೆ. ಕಿರುಚಿದೆ. ಹೊರಗೆ ಪಟಾಕಿಯ ಸದ್ದು, ನೂರು ಜನರ ಹುಸಿ ಕಿರುಚಾಟ. ಅದರಲ್ಲಿ ನಿಜವಾದ ಒಂದು ಕಿರುಚು ಯಾರಿಗೆ ಬೇರೆಯಾಗಿ ಕೇಳುತ್ತದೆ? ಸೆರಗು ಮೂಗಿಗೆ ಒತ್ತಿಕೊಂಡು ಕೆಳಗೆ ಕುಕ್ಕರಿಸಿದೆ. ತಮ್ಮ ಒಮ್ಮೆ ಹೇಳಿದ್ದು ನೆನಪಾಯಿತು: ಅವನ ಗಾಡಿಗೆ ಹಿಂದೆ ಬಾಗಿಲು, ಮೇಲೆ ಮುಚ್ಚಳ, ಎಲ್ಲಕ್ಕೂ ಒಳಗಿನಿಂದ ಹಿಡಿ. ನಾನು ಮೂತಿ ಗುರುತಿಸಿದೆ, ಚಕ್ರ ಗುರುತಿಸಿದೆ. ಈ ಗಾಡಿಯಲ್ಲಿ ಹಿಡಿ ಇಲ್ಲವೆನ್ನುವುದನ್ನು ಯಾಕೆ ಗುರುತಿಸಲಿಲ್ಲ?

ಕಣ್ಣು ಕತ್ತಲಿಡುತ್ತಿತ್ತು. ಆಗ ನಿಂಗಣ್ಣ ಹಾರ್ನ್ ಒತ್ತಿದ.

ಕಬ್ಬಿನ ಲಾರಿಯ ಹಾರ್ನ್. ಪೇಂ ಎಂದು ಬಿಡದೆ ಕೂಗಿತು. ಸ್ಟೀರಿಂಗಿನ ಮೇಲೆ ಎದೆಯಿಟ್ಟು ಒತ್ತಿದ್ದ ಅವನು.

ಹೊರಗೆ ಕೆಲವರು ನಕ್ಕರಂತೆ, ಮಿಲಿಟರಿ ಗಾಡಿಗೆ ಲಾರಿ ಹಾರ್ನು ನೋಡ್ರಪ್ಪಾ ಎಂದು. ಪುಟ್ಟಾಚಾರಿ ನಗಲಿಲ್ಲ. ಈ ಗಾಡಿಯಿಂದ ಹೊರಗೆ ಬರುವ ದಾರಿ ಎಷ್ಟಿದೆ ಎನ್ನುವುದು ಅದನ್ನು ಕಟ್ಟಿದವನಿಗೆ ಗೊತ್ತಿತ್ತು. ಕ್ಯಾಮೆರಾಕ್ಕೆ ಅಡ್ಡ ಬಂದು, ಸಿಡಿಯುವ ಪಟಾಕಿಯ ನಡುವೆ ಓಡಿದ. ಹೊಗೆ ಡಬ್ಬಿಗಳ ಉರಿಗೆ ಕಾದ ಕೊಂಡಿಯನ್ನು ಬರಿಗೈಯಲ್ಲಿ ಎತ್ತಿದ.

ಬೆಳಕು. ಗಾಳಿ. ನಾನು ಮಣ್ಣಿನ ಮೇಲೆ ಬಿದ್ದು ಕೆಮ್ಮಿದೆ. ನಿಂಗಣ್ಣ ವಾಂತಿ ಮಾಡಿಕೊಂಡ. ಹೆಣವಾಗಿ ಮಲಗಿದ್ದ ಅವನ ತಮ್ಮ ಎದ್ದು ಓಡಿಬಂದು, "ಯಾಕ್ಲಾ ಅಣ್ಣಾ, ಏನಾಯ್ತ್ಲಾ?" ಎಂದು ಅಳತೊಡಗಿದ. ಪುಟ್ಟಾಚಾರಿ ಸುಟ್ಟ ಅಂಗೈ ನೋಡಿಕೊಳ್ಳದೆ ನನ್ನ ಕಾಲ ಬುಡದಲ್ಲಿ ಕೂತುಬಿಟ್ಟ. "ನಾನೇ ಗೋರಿ ಕಟ್ಬುಟ್ಟಿದ್ನಲ್ಲವ್ವ" ಎಂದ.

ಡೈರೆಕ್ಟರ್ ಬಂದರು, ಗಾಬರಿಯಾದರು, ನೀರು ತರಿಸಿದರು. ಸುಳ್ಳು ಯಾಕೆ ಹೇಳಲಿ, ಒಳ್ಳೆಯವರೇ. ಆದರೆ ನಾವು ಉಸಿರಾಡುತ್ತಿದ್ದೇವೆ ಎಂದು ಖಾತ್ರಿಯಾದ ಮೇಲೆ ಕ್ಯಾಮೆರಾದವರ ಕಡೆ ತಿರುಗಿ ಅವರು ಅಂದದ್ದು ನನ್ನ ಕಿವಿಗೆ ಬಿತ್ತು: "ಆಚಾರಿ ಅಡ್ಡ ಬರೋ ತನಕ ಶಾಟ್ ಓಕೆ. ಹಾರ್ನ್ ಏನೂ ತೊಂದ್ರೆ ಇಲ್ಲ, ಸೌಂಡ್ ಆಮೇಲೆ ಹಾಕ್ತೀವಲ್ಲ."

ಪುಟ್ಟಾಚಾರಿ ಕೈಗೆ ಬಟ್ಟೆ ಸುತ್ತಿಕೊಂಡು ಆವತ್ತೇ ಮೇಲಿನ ತಗಡು ಕತ್ತರಿಸಿ ನಿಜವಾದ ಮುಚ್ಚಳ ಇಟ್ಟ. ಬಾಗಿಲಿಗೆ ಒಳಗಡೆ ಹಿಡಿ ಬೆಸೆದ. ಅಲ್ಲಿಯ ತನಕ ಗಾಡಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಇಷ್ಟೆಲ್ಲ ಆಗಿ ಮೂರು ವಾರವಾಯಿತು. ನನಗೆ ಇನ್ನೂ ಬಚ್ಚಲಿನ ಚಿಲಕ ಹಾಕಲು ಆಗುತ್ತಿಲ್ಲ. ಬಸ್ಸಿನಲ್ಲಿ ಕೂತರೆ ಮೊದಲು ಹುಡುಕುವುದು ಎಮರ್ಜೆನ್ಸಿ ಕಿಟಕಿಯನ್ನು. ನಾಗಮಂಗಲದ ಕಡೆ ಹೋಗುವ ಒಂದು ಬಸ್ಸಿನಲ್ಲಿ ಅದಕ್ಕೆ ಅಡ್ಡಲಾಗಿ ಸರಳು ಹೊಡೆದಿದ್ದರು. ಎಮರ್ಜೆನ್ಸಿ ಎಂದು ಕೆಂಪು ಅಕ್ಷರದಲ್ಲಿ ಮಾತ್ರ ಚೆನ್ನಾಗಿ ಬರೆಸಿದ್ದರು. ನಾನು ಅರ್ಧದಾರಿಯಲ್ಲಿ ಇಳಿದುಬಿಟ್ಟೆ.

ಮೊನ್ನೆ ಮನೆಯವರ ಬಲವಂತಕ್ಕೆ ಮ್ಯಾಟಿನಿಗೆ ಹೋದೆ. ಥಿಯೇಟರಿನಿಂದ ಹೊರಗೆ ಹೋಗುವ ಪಕ್ಕದ ಬಾಗಿಲಿಗೆ ಬೀಗ. ಯಾಕಪ್ಪಾ ಎಂದು ಗೇಟಿನವನನ್ನು ಕೇಳಿದೆ.

"ಟಿಕೀಟ್ ಇಲ್ದೋರು ನುಗ್ಬುಡ್ತಾರೆ ಕಣಕ್ಕ. ಸಿನಿಮಾ ಮುಗುದ್ಮೇಲೆ ತಗ್ದೇ ತಗೀತೀವಿ."

ಅದಕ್ಕೂ ಮೊದಲೇ ಹೊರಗೆ ಹೋಗಬೇಕಾಗಿ ಬಂದವರು ಏನು ಮಾಡಬೇಕು?