ಆಸಿಡ್ ಹಾಕಿ ತೊಳೆದ ಏಡಿಕಲ್ಲು

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಮಂಡ್ಯ, ಮದ್ದೂರಿನ ಮನೆಗಳಿಗೆ ಟೈಲ್ಸ್ ಹಾಕುತ್ತೇನೆ. ನನ್ನ ತಮ್ಮ ಲಾರಿ ಡ್ರೈವರ್. ತಮಿಳುನಾಡಿನ ಅರಿಯಲೂರು ಕಡೆಯ ಗಣಿಯಿಂದ ಸುಣ್ಣದಕಲ್ಲು ತರುತ್ತಾನೆ. ಆ ಕಲ್ಲಿನಲ್ಲಿ ಅಪರೂಪಕ್ಕೆ ಏಡಿಗಳು ಸಿಗುತ್ತವೆ. ಅಲ್ಲಿ ಸಮುದ್ರವಿದ್ದ ಕಾಲದವು, ಈಗ ಭೂಮಿಯ ಮೇಲೆ ಎಲ್ಲೂ ಇಲ್ಲದ ಜಾತಿಯವು, ಕಲ್ಲಾಗಿ ಹೋದವು. ಲೋಡು ತುಂಬುವ ಹೊತ್ತಿನಲ್ಲಿ ಬೇರೆ ಡ್ರೈವರ್‌ಗಳು ಇಸ್ಪೀಟು ಆಡಿದರೆ ಇವನು ಕಲ್ಲು ಮಗುಚಿ ನೋಡುತ್ತಿದ್ದ. ಮಂಡ್ಯ ಪಕ್ಕದ ಹೊಳಲು ಗ್ರಾಮದ ನಮ್ಮ ಮನೆಯಲ್ಲಿ, ಟಿವಿ ಪಕ್ಕದ ಶೆಲ್ಫಿನ ಮೇಲೆ ಹಳೇ ಬನಿಯನ್ ಹಾಸಿ ಹದಿನೇಳು ಏಡಿಕಲ್ಲು ಇಟ್ಟಿದ್ದ.

“ಸಾರಿಗಾಗದ ಏಡೀನ ಯಾಕಪ್ಪ ಒತ್ಕೊಂಡ್ ಬತ್ತೀಯ?” ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

“ನಿನ್ ಸಾರಿಗಿಂತ ಒಸಿ ಅಳೇದು ಕಣತ್ಗೆ, ಅಷ್ಟೇಯ.”

ಹೆಚ್ಚಿನವು ಬರೀ ಬೆನ್ನಿನ ಚಿಪ್ಪು. ಒಂದರಲ್ಲಿ ಮಾತ್ರ ಕಾಲುಗಳೂ ಇಕ್ಕಳದಂಥ ಎರಡು ಕೊಂಡಿಗಳೂ ಇದ್ದವು. ಅದರ ಫೋಟೋವನ್ನು ಮಳವಳ್ಳಿಯ ಒಬ್ಬ ಕಾಲೇಜು ಮೇಷ್ಟ್ರಿಗೆ ಕಳಿಸಿದ. ಭಾನುವಾರ ಬಂದು ನೋಡುತ್ತೇನೆ, ನಿಜವಾಗಿದ್ದರೆ ಹುಡುಕಿದವರು ನೀವೇ ಎಂದು ಹೆಸರು ಹಾಕಿ ಪತ್ರಿಕೆಗೆ ಬರೆಯೋಣ ಎಂದರು ಅವರು. ಆ ದಿನ ಊಟಕ್ಕೆ ಕೂತ ತಮ್ಮ ಎರಡು ಸಲ ಎದ್ದು ಹೋಗಿ ಕಲ್ಲು ನೋಡಿ ಬಂದ.

ಶನಿವಾರ ಅವನು ಲೋಡಿಗೆ ಹೋಗಿದ್ದ. ಆ ಕಾಲಿದ್ದ ಏಡಿಕಲ್ಲಿನ ಮೇಲೆ ಬೂದು ಬಣ್ಣದ ಹಕ್ಕಳೆ ಕಟ್ಟಿತ್ತು. ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ನಾವು ಆಸಿಡ್ ಹಾಕುತ್ತೇವೆ. ನನ್ನ ಚೀಲದಲ್ಲಿ ಅರ್ಧ ಬಾಟಲಿ ಇತ್ತು. ಓದಿದವರು ನೋಡುವ ಮೊದಲು ಚೊಕ್ಕ ಮಾಡೋಣ ಎಂದು ಸುರಿದೆ. ಬುಸುಬುಸು ನೊರೆ ಬಂತು. ಕೊಳೆ ಬಿಡುತ್ತಿದೆ ಎಂದುಕೊಂಡು ಬ್ರಷ್ ಹಾಕಿ ಉಜ್ಜಿದೆ. ನೀರು ಸುರಿದಾಗ ಕಾಲುಗಳಿರಲಿಲ್ಲ. ಕೊಂಡಿ ಇದ್ದ ಕಡೆ ನುಣ್ಣನೆ ಕುಳಿ ಬಿದ್ದಿತ್ತು. ಅಮೃತಶಿಲೆಗೆ, ಸುಣ್ಣದಕಲ್ಲಿನ ನೆಲಕ್ಕೆ ಆಸಿಡ್ ತಾಗಿಸಬಾರದು ಎಂಬುದು ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ. ನಾನು ಏಡಿಯನ್ನು ನೋಡುತ್ತಿದ್ದೆ, ಅದು ಯಾವ ಕಲ್ಲು ಎಂದು ಯೋಚಿಸಲಿಲ್ಲ. ಒರೆಸಿ ಬನಿಯನ್ ಮೇಲೇ ಇಟ್ಟೆ.

ಭಾನುವಾರ ತಮ್ಮ ಬಂದು ಲಾರಿ ನಿಲ್ಲಿಸುವಷ್ಟರಲ್ಲೇ ಮೇಷ್ಟ್ರೂ ಬಂದರು, ಫೋಟೋ ಪಕ್ಕ ಕಲ್ಲು ಹಿಡಿದು ನೋಡಿದರು.

“ಫೋಟೋದಲ್ಲಿ ಕಾಲಿದೆ, ಇದರಲ್ಲಿ ಇಲ್ಲವಲ್ಲ. ನೆಟ್‌ನಿಂದ ತೆಗೆದ ಫೋಟೋನಾ ಇದು?”

“ನಮ್ಮಪ್ಪನಾಣೆ ಇದೇ ಕಲ್ಲು ಸಾ. ಅಣ್ಣ, ನೀನೂ ನೋಡಿದ್ದಲ್ಲ, ಏಳಣ್ಣ!”

“ಟೀ ಆರೋಯ್ತದೆ, ತಕ್ಕಳಿ ಸಾ” ಎಂದೆ. ಅಷ್ಟೇ ನಾನು ಹೇಳಿದ್ದು.

ಮೇಷ್ಟ್ರು ಟೀ ಕುಡಿದು ಹೊರಟರು. ಮಾರನೇ ದಿನ ತಮ್ಮ ಅವರಿಗೆ ಫೋನ್ ಮಾಡಿದ. “ದೂಳ್ ಒರ್ಸಕ್ಕೋಗಿ ನಾನೇ ಜಾಸ್ತಿ ಉಜ್ಬುಟ್ಟೆ ಅನ್ಸತ್ತೆ ಸಾ, ತಪ್ಪಾಯ್ತು.” ನಾನು ಪಕ್ಕದಲ್ಲೇ ಕೂತು ಮುದ್ದೆ ಮುರಿಯುತ್ತಿದ್ದೆ.

ಇದಾಗಿ ಎರಡು ತಿಂಗಳಾಯಿತು. ಈಗ ಲೋಡು ತುಂಬುವ ಹೊತ್ತಿನಲ್ಲಿ ಅವನು ಕ್ಯಾಬಿನ್‌ನಲ್ಲಿ ಮಲಗಿರುತ್ತಾನೆ ಎಂದು ಅವನ ಜೊತೆಯ ಡ್ರೈವರ್ ಹೇಳಿದ. ತಮ್ಮ ಗುರುವಾರ ಬರುತ್ತಾನೆ. ಓದಲು ಅವನಿಗೂ ಬರುತ್ತದೆ, ಆದರೂ ಇಲ್ಲಿ ಬರೆದದ್ದನ್ನು ನಾನೇ ಬಾಯಿ ಬಿಟ್ಟು ಓದಿ ಹೇಳಬೇಕು. ಆಮೇಲೆ ಅವರಿಗೂ ಹೇಳಲು ಮೇಷ್ಟ್ರ ನಂಬರ್ ಕೇಳಬೇಕು.