ಡೆನೀಸ್ ಕೂರದೆ ಬಿಟ್ಟ ತರಗತಿ

ಡೆನೀಸ್ ಕೊವಾಲಿಕ್ ನಮ್ಮೂರ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಕಲಿಸುವುದರಲ್ಲಿ ಎತ್ತಿದ ಕೈ, ನಾಲಿಗೆ ಮಾತ್ರ ತುಸು ಖಾರ. ಅವಳಿಗೆ ಡಾಕ್ಟರಾಗಬೇಕಿತ್ತು. ನಲವತ್ತೈದು ದಾಟಿದರೂ ಆ ಆಸೆ ಸತ್ತಿಲ್ಲ. ಆಸ್ಪತ್ರೆಯ ಮುಂದೆ ಹೋಗುವಾಗ ಅವಳ ಕಾರು ಈಗಲೂ ನಿಧಾನವಾಗುತ್ತದೆ.

ಹುಡುಗಿಯಾಗಿದ್ದಾಗ ಇದೇ ಶಾಲೆಯಲ್ಲಿ ಕಾಲೇಜು ಮಟ್ಟದ ಜೀವಶಾಸ್ತ್ರ ಪರೀಕ್ಷೆ ಬರೆದು ಐದಕ್ಕೆ ಐದು ತಂದಳು. ನಮ್ಮೂರಲ್ಲಿ ಅವಳೇ ಮೊದಲು. ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ ಎಮಿಲ್‌ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಅಂಕಕ್ಕೆ ಕಾಲೇಜು ಕ್ರೆಡಿಟ್ ಕೊಡುತ್ತದೆ, ಅಂದರೆ ಆ ವಿಷಯ ಪಾಸಾದಂತೆಯೇ ಲೆಕ್ಕ, ಮೊದಲ ವರ್ಷದ ಜೀವಶಾಸ್ತ್ರಕ್ಕೆ ಕೂರಬೇಕಿಲ್ಲ ಎಂದು ತಿಳಿದ ಮೇಲಂತೂ ಸಿಕ್ಕಸಿಕ್ಕವರ ಮುಂದೆ ಅದೇ ಮಾತು.

"ಕೂತು ಕಲಿತ್ರೆ ಏನು ನಷ್ಟ ಅಪ್ಪ?" ಎಂದು ಡೆನೀಸ್ ಕೇಳಿದ್ದಳು.

"ಗೊತ್ತಿರೋದನ್ನೇ ಮತ್ತೆ ಕಲಿಯೋಕೆ ನಿಂಗೇನು ತಲೆ ಕೆಟ್ಟಿದ್ಯಾ? ಕ್ರೆಡಿಟ್ ತಗೊ, ಬೇಗ ಮುಗಿಸು."

ತೆಗೆದುಕೊಂಡಳು. ನಾಲ್ಕು ವರ್ಷದ ರಸಾಯನಶಾಸ್ತ್ರದ ಪದವಿಯನ್ನು ಮೂರೇ ವರ್ಷಕ್ಕೆ ಮುಗಿಸಿದಳು. ಆದರೆ ಪದವಿಯ ಬಳಿಕ ಅವಳು ಅರ್ಜಿ ಹಾಕಿದ ಮೆಡಿಕಲ್ ಕಾಲೇಜುಗಳು ಹೈಸ್ಕೂಲಿನ ಕ್ರೆಡಿಟ್ಟನ್ನು ಒಪ್ಪಲಿಲ್ಲ. ಜೀವಶಾಸ್ತ್ರವನ್ನು ಕಾಲೇಜಿನಲ್ಲೇ, ಪ್ರಯೋಗಾಲಯದ ಸಮೇತ ಓದಿರಬೇಕಂತೆ. ಇನ್ನೊಂದು ವರ್ಷ ಓದಿದ್ದರೆ ಆಗುತ್ತಿತ್ತು. ಅದೇ ಬೇಸಿಗೆಯಲ್ಲಿ ಕಾರ್ಖಾನೆ ಮುಚ್ಚಿತು, ಎಮಿಲ್ ಮನೆಯಲ್ಲಿ ಕೂತ. ಒಂದು ವರ್ಷದ ಮಟ್ಟಿಗೆಂದು ಶಾಲೆಗೆ ಸೇರಿದವಳು ಅಲ್ಲೇ ಉಳಿದುಹೋದಳು. ಅಪ್ಪನ ಮುಂದೆ ಮಾತ್ರ, ತನಗೇ ಡಾಕ್ಟರಿಕೆ ಬೇಡವೆನ್ನಿಸಿತು ಎಂದುಬಿಟ್ಟಳು.

ಈ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಮಾಂಸ ಬಿಡುವ ಒಂದು ಶುಕ್ರವಾರ, ಚರ್ಚಿನ ಹಾಲಿನಲ್ಲಿ ಹುರಿದ ಮೀನಿನ ಊಟ. ಅಪ್ಪ ಮಗಳು ಕೂತಿದ್ದಾಗ ಬಡಿಸಲು ಬಂದವಳು ಟೀನಾ. ಅವಳ ಮಗಳು ಡೆನೀಸ್‌ಳ ವಿದ್ಯಾರ್ಥಿನಿ. ಟೀನಾ ತಟ್ಟೆ ಇಟ್ಟವಳೇ ಜಗಳಕ್ಕೆ ನಿಂತಳು.

"ಏನ್ ಟೀಚರ್, ನನ್ನ ಮಗಳು ಆ ಕಾಲೇಜು ಮಟ್ಟದ ಪರೀಕ್ಷೆಗೆ ನಿದ್ದೆಗೆಟ್ಟು ಓದ್ತಿದಾಳೆ. ನೀವು ನೋಡಿದ್ರೆ, ಡಾಕ್ಟರಾಗೋದಾದ್ರೆ ಆ ಕ್ರೆಡಿಟ್ ಮುಟ್ಟಬೇಡ, ಕಾಲೇಜಲ್ಲಿ ಮತ್ತೆ ಕೂತು ಓದು ಅಂದ್ರಂತೆ. ಕೈಗೆ ಸಿಕ್ಕಿದ್ದನ್ನ ಯಾರಾದ್ರೂ ಬಿಡ್ತಾರಾ?"

"ಕೆಲವು ಮೆಡಿಕಲ್ ಕಾಲೇಜು ಒಪ್ತವೆ, ಕೆಲವು ಒಪ್ಪಲ್ಲ ಟೀನಾ. ಎಲ್ಲಿಗೆ ಸೇರ್ಬೇಕೋ ಅಲ್ಲಿ ಮೊದಲೇ ಕೇಳ್ಲಿ. ಅನುಮಾನ ಇದ್ರೆ ಮತ್ತೆ ಕೂರ್ಲಿ, ಸವೆದು ಹೋಗಲ್ಲ."

ಟೀನಾ ಗೊಣಗುತ್ತಾ ಮುಂದಿನ ಮೇಜಿಗೆ ಹೋದಳು. ಎಮಿಲ್ ಊಟ ನಿಲ್ಲಿಸಿದ್ದ.

"ನಿನ್ನ ಕಾಲದಲ್ಲೂ ಹೀಗೇ ಇತ್ತಾ?" ಎಂದು ತಟ್ಟೆ ನೋಡುತ್ತಲೇ ಕೇಳಿದ.

ಡೆನೀಸ್‌ಳ ಕಣ್ಣು ಅಪ್ಪನ ಕಡೆ ತಿರುಗಿತು. ಇಷ್ಟು ವರ್ಷ ಯಾರ ಮುಂದಾದರೂ ಹೇಳಿ ಅತ್ತುಬಿಡಬೇಕು ಎಂದುಕೊಂಡಿದ್ದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೌದು ಎಂದಿದ್ದರೆ ಸಾಕಿತ್ತು. ಆದರೆ ಎಂಬತ್ತರ ಮುದುಕ ಫೋರ್ಕನ್ನು ಕೆಳಗಿಟ್ಟು ಅವಳ ಉತ್ತರಕ್ಕೇ ಕಾಯುತ್ತಿದ್ದ.

"ಇಲ್ಲಪ್ಪ. ಆಗೆಲ್ಲಾ ಒಪ್ತಿದ್ರು. ನಂಗೇ ಮನಸ್ಸು ಬರ್ಲಿಲ್ಲ."

ಎಮಿಲ್ ದೀರ್ಘವಾಗಿ ಉಸಿರುಬಿಟ್ಟು ಮತ್ತೆ ಊಟಕ್ಕೆ ಕೈಹಾಕಿದ.

"ಅದೇ ನಂಗೆ ಬೇಜಾರು ಕಣೆ," ಎಂದ. "ನೀನು ಒಂಚೂರು ಆಸೆ ಪಟ್ಟಿದ್ರೆ ಸಾಕಿತ್ತು."

"ಹೌದಪ್ಪ," ಎಂದಳು ಡೆನೀಸ್.