ಒಂದು ಹಿಡಿ ಕೊಳೆಹುಲ್ಲು

ಬೆಳಗಿನ ಐದೂವರೆಗೆ ಪ್ರಾಣಿಗಳ ಆಶ್ರಯಧಾಮದ ಹಿಂಬಾಗಿಲು ತೆರೆಯುತ್ತದೆ. ಮುಂಭಾಗದ ನಾಯಿಗಳು ಒಂದು ಸುತ್ತು ಬೊಗಳಿ ಸುಮ್ಮನಾಗುತ್ತವೆ. ಬಂದವರು ಯಾರೆಂದು ಅವಕ್ಕೆ ಗೊತ್ತು. ಮೊಲದ ಕೋಣೆಯಲ್ಲಿ ಎರಡು ಸಾಲಾಗಿ ಇಪ್ಪತ್ತಾರು ಗೂಡುಗಳು. ಐವತ್ತೆಂಟು ವರ್ಷದ ಫಿನಾಯಿಲ್ ಅಕ್ಕ ತಕ್ಷಣ ದೀಪ ಹಾಕುವುದಿಲ್ಲ, ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ. "ಎಡಗಡೆ ಸಾಲಲ್ಲಿ ಯಾರೋ ಹೊರಗೆ ಮಾಡಿದಾರೆ," ಎನ್ನುತ್ತಾರೆ. ದೀಪ ಹಾಕಿ ನೋಡಿದರೆ ನಿಜವೇ. ಎಡಸಾಲಿನ ಒಂಬತ್ತನೇ ಗೂಡಿನಲ್ಲಿ, ಮೊಲ ಉಚ್ಚೆ, ಹಿಕ್ಕೆ ಮಾಡಲೆಂದು ಇಟ್ಟ ಟ್ರೇಯಿಂದ ಒಂದು ಗೇಣು ಆಚೆ, ಅಂಗೈಯಗಲದ ಒದ್ದೆ ಕಲೆ.

ಮಂಡಿಗೆ ಹಳೆಯ ದಿಂಬಿನ ತುಂಡು ಕಟ್ಟಿಕೊಂಡು, ಮಂಡಿಯೂರಿ ಅಕ್ಕ ಒಂದೊಂದೇ ಟ್ರೇ ಎಳೆಯುತ್ತಾರೆ. ಹಿಕ್ಕೆ, ಒದ್ದೆ ಹುಲ್ಲು ಎಲ್ಲ ಗೋಣಿಚೀಲಕ್ಕೆ. ಟ್ರೇಗೆ ಬರೀ ನೀರು, ಒಂದು ಒರೆಸು, ಮೇಲೆ ಹೊಸ ಒಣಹುಲ್ಲು. ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಅಕ್ಕ ಮತ್ತೆ ಅದೇ ಚೀಲಕ್ಕೆ ಕೈ ಹಾಕಿ, ಹಳದಿಯಾದ ಒದ್ದೆ ಹುಲ್ಲನ್ನು ಒಂದು ಹಿಡಿ ತೆಗೆದು, ಆಗಷ್ಟೇ ತೊಳೆದ ಟ್ರೇಯ ಮೂಲೆಗೆ ಇಡುತ್ತಾರೆ. ನೋಡಿದವರಿಗೆ ಇವರಿಗೆ ಅರುಳು ಮರುಳೇ ಎನಿಸಬೇಕು. ಇಪ್ಪತ್ತಾರು ಟ್ರೇಗೂ ಇದೇ ಪಾಠ, ಸಂಜೆ ಇನ್ನೊಮ್ಮೆ ಅದೇ. ದಿನಕ್ಕೆ ಒಂಬತ್ತು ಬಕೆಟ್ ನೀರು, ಒಂದೂವರೆ ಚೀಲ ಹುಲ್ಲು. ಹದಿನೇಳು ವರ್ಷಗಳಲ್ಲಿ ರಜೆ ಹಾಕಿದ್ದು ಬೆರಳೆಣಿಕೆಯ ದಿನ.

"ಟ್ರೇ ಅದಕ್ಕೆ ಮನೆ ಬಾಗಿಲಿದ್ದ ಹಾಗೆ," ಎನ್ನುತ್ತಾರೆ ಅಕ್ಕ, ಎದ್ದು ಸೊಂಟ ನೇರ ಮಾಡಿಕೊಳ್ಳುತ್ತಾ. "ತನ್ನ ವಾಸನೆ ಇದ್ರೆ ಇದು ನನ್ನ ಜಾಗ ಅಂತ ಬರುತ್ತೆ. ಇಲ್ದಿದ್ರೆ ಪಾಪ, ಎಲ್ಲಿಗೆ ಅಂತ ಹೋಗುತ್ತೆ?"

ಹೆಸರಿನಲ್ಲಿ ಫಿನಾಯಿಲ್ ಇದ್ದರೂ ಮೊಲದ ಕೋಣೆಗೆ ಅವರು ಫಿನಾಯಿಲ್ ಬಾಟಲಿ ತರುವುದಿಲ್ಲ. ಅದು ಮೊದಲ ವರ್ಷಗಳಲ್ಲಿ ಜೊತೆಯವರು ಇಟ್ಟ ಹೆಸರು. ಇಲ್ಲಿಗೆ ಬರುವ ಮುಂಚೆ ಹದಿನಾಲ್ಕು ವರ್ಷ ಅವರು ಆಸ್ಪತ್ರೆಯೊಂದರ ಆಪರೇಷನ್ ಕೋಣೆ ತೊಳೆದವರು. ಒಂದು ಹನಿ ರಕ್ತ ಉಳಿದರೂ ಒಂದು ಜೀವಕ್ಕೆ ಅಪಾಯ ಎಂದು ಅಲ್ಲಿ ಕಲಿಸಿದ್ದರು. ಆ ಕಲಿಕೆ ಮೈಗೆ ಹತ್ತಿಹೋಗಿತ್ತು. ಅವರ ಕೈ ಬಿದ್ದ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮನೆಯಲ್ಲಿ ಈಗಲೂ ಹಾಗೆಯೇ. ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಗಂಡ ನಗುತ್ತಾ ದೂರು ಹೇಳುತ್ತಾರೆ: "ನನ್ನ ಚಪ್ಪಲಿ ಒಂದಿಂಚು ಓರೆ ಆದ್ರೆ ಮನೆ ಎದ್ದು ಕುಣಿಯೋ ಹಾಗೆ ಮಾಡ್ತಾಳೆ. ಅಲ್ಲಿ ಹೋಗಿ ಮೊಲದ ಉಚ್ಚೆ ಜೋಪಾನ ಮಾಡ್ತಾಳಂತೆ!"

ಆಶ್ರಯಧಾಮಕ್ಕೆ ಮೊಲಗಳು ಬರುವುದು ಹೆಚ್ಚಾಗಿ ಒಂದೇ ದೂರು ಹೊತ್ತು. ಮುದ್ದಾಗಿದೆ ಎಂದು ಕೊಂಡೊಯ್ದವರು, ಹಾಸಿಗೆ ಒದ್ದೆಯಾದ ಮೂರನೇ ದಿನಕ್ಕೆ ಮೂಗು ಮುರಿಯುತ್ತಾರೆ. ಆಪರೇಷನ್ ಮಾಡಿಸಿ, ಸರಿಹೋಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಮರಿ ಆಗದಂತೆ ಮಾಡುವ ಈ ಆಪರೇಷನ್ನಿನಿಂದ ಕಂಡಲ್ಲಿ ಉಚ್ಚೆ ಹೊಯ್ದು ಗುರುತು ಹಾಕುವ ಚಟ ಕಡಿಮೆಯಾಗುವುದು ನಿಜ, ಆದರೆ ಅದಕ್ಕೂ ವಾರಗಟ್ಟಲೆ ಬೇಕು. ಸ್ವಿಚ್ ಒತ್ತಿದ ಕೂಡಲೇ ಹತ್ತುವ ದೀಪವಲ್ಲ ಅದು. ಅಲ್ಲಿಯವರೆಗೆ ಕಾಯುವವರು ಕಡಿಮೆ. ಕಾದ ಮೇಲೂ ಮೊಲ ಕೆಡಿಸಿದರೆ, 'ಇದಕ್ಕೆ ಬುದ್ಧಿಯಿಲ್ಲ' ಎಂದು ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಮೂರು ಸಲ ವಾಪಸ್ ಬಂದ ಮೊಲವನ್ನು ಮತ್ತೆ ಯಾವ ಮನೆಗೂ ಕೊಡುವುದಿಲ್ಲ. ಗೂಡುಗಳಿರುವುದು ಇಪ್ಪತ್ತಾರು, ಕಾಯುತ್ತಿರುವ ಮೊಲಗಳು ಅದಕ್ಕಿಂತ ಹೆಚ್ಚು. ಮೂರನೇ ಸಲ ಬಂದದ್ದಕ್ಕೆ ಆಶ್ರಯಧಾಮದ ಡಾಕ್ಟರಮ್ಮ ಮತ್ತೆ ಏಳದ ನಿದ್ದೆಯ ಸೂಜಿ ಚುಚ್ಚುತ್ತಾರೆ. ಈ ನಿಯಮ ಯಾರಿಗೂ ಇಷ್ಟವಿಲ್ಲ, ಚುಚ್ಚುವ ಡಾಕ್ಟರಮ್ಮನಿಗಂತೂ ಇಲ್ಲವೇ ಇಲ್ಲ.

ಒಂಬತ್ತನೇ ಗೂಡಿನ ಬೂದು ಬಣ್ಣದ ಮೊಲ ಆಗಲೇ ಎರಡು ಸಲ ವಾಪಸ್ ಬಂದಿದೆ. ಆಪರೇಷನ್ ಆಗಿ ಎರಡು ತಿಂಗಳು ಕಳೆದಿದೆ. ಡಾಕ್ಟರಮ್ಮ ಮೂತ್ರ ನೋಡಿದ್ದಾರೆ, ಎಕ್ಸ್-ರೇ ತೆಗೆದಿದ್ದಾರೆ, ಕಲ್ಲಿಲ್ಲ, ಕೀವಿಲ್ಲ. ಇವತ್ತು ಅದು ಮೂರನೇ ಮನೆಗೆ ಹೊರಟಿದೆ. ಕೊನೆಯ ದಿನವೂ ಗಾಬರಿಗೆ ಹೊರಗೆ ಮಾಡಿಕೊಂಡಿದೆ. ಅಕ್ಕ ಅದರ ಕೊಳೆಹುಲ್ಲನ್ನು ಒಂದು ಹಿಡಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕರೆದೊಯ್ಯಲು ಬಂದ ಶಾಲಾ ಟೀಚರ್ ಕೈಗೆ ಕೊಡುತ್ತಾರೆ. "ಇದನ್ನ ನಿಮ್ಮನೆ ಟ್ರೇಗೆ ಹಾಕಿಮ್ಮಾ, ಮರೀಬೇಡಿ." ಟೀಚರ್ ಚೀಲವನ್ನು ಎರಡು ಬೆರಳಲ್ಲಿ ಹಿಡಿದು, ಆಯಿತು ಎನ್ನುತ್ತಾರೆ.

ಐದನೇ ದಿನ ಟೀಚರ್ ಫೋನ್ ಮಾಡುತ್ತಾರೆ. ಮೊಲ ದಿನಾ ಸೋಫಾದ ಮೇಲೇ ಮೂತ್ರ ಮಾಡುತ್ತಿದೆ. ಅತ್ತೆಗೆ ಸಾಕಾಗಿ ಹೋಗಿದೆ. ಭಾನುವಾರ ತಂದು ಬಿಡುತ್ತಾರೆ.

ಆಫೀಸಿನವರು ಇದನ್ನು ತಿಳಿಸಿದಾಗ ಅಕ್ಕ ಕೈಯಲ್ಲಿದ್ದ ಬಕೆಟ್ ಕೆಳಗಿಡುತ್ತಾರೆ. ಮನೆಗೆ ಹೋಗಿ ನೋಡಿಬರುತ್ತೇನೆ ಎನ್ನುತ್ತಾರೆ. ತೊಳೆಯುವವರು ಜನರ ಮನೆಗೆ ಹೋಗುವ ಪದ್ಧತಿ ಅಲ್ಲಿಲ್ಲ. ಅದು ನಿಮ್ಮ ಕೆಲಸ ಅಲ್ಲ ಅಕ್ಕ, ಎಂದು ಮೇಲ್ವಿಚಾರಕರು ಹೇಳುತ್ತಾರೆ. "ಕೆಲಸ ಅಲ್ಲ ಸಾರ್, ರಜೆ ಹಾಕಿ ಹೋಗ್ತೀನಿ," ಎನ್ನುತ್ತಾರೆ ಅಕ್ಕ. ಮೇಲ್ವಿಚಾರಕರು ರಜೆ ಬರೆದುಕೊಳ್ಳುತ್ತಾರೆ.

ಎರಡು ಬಸ್ಸು ಬದಲಿಸಿ, ನಾಲ್ಕನೇ ಮಹಡಿಯ ಆ ಮನೆಯ ಗಂಟೆ ಒತ್ತಿದರೆ ಬಾಗಿಲು ತೆರೆಯುವುದು ಟೀಚರ್ ಅತ್ತೆ. ಎಪ್ಪತ್ತು ದಾಟಿದ ಅಜ್ಜಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದಿದ್ದಾರೆ. ಒಳಗೆ ಕಾಲಿಟ್ಟ ಕ್ಷಣವೇ ಅಕ್ಕನ ಮೂಗಿಗೆ ಬಡಿಯುವುದು ತಮ್ಮದೇ ಹಳೆಯ ಹೆಸರು.

"ನೋಡಿಮ್ಮಾ, ನನ್ನ ಕಡೆಯಿಂದ ಏನೂ ಕಮ್ಮಿ ಮಾಡಿಲ್ಲ," ಅಜ್ಜಿ ಟ್ರೇ ತೋರಿಸುತ್ತಾರೆ. ಅದು ಕನ್ನಡಿಯಂತೆ ಹೊಳೆಯುತ್ತಿದೆ. "ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಫಿನಾಯಿಲ್ ಹಾಕಿ ತಿಕ್ಕಿ ತೊಳೀತೀನಿ. ನಮ್ಮ ತಟ್ಟೆನೂ ಇಷ್ಟು ಚೆನ್ನಾಗಿ ತೊಳೆಯಲ್ಲ. ಆದ್ರೂ ಆ ಪೆದ್ದು ಅದರ ಮೇಲೆ ಹತ್ತಲ್ಲ."

"ನಾನು ಕಳಿಸಿದ್ದ ಹುಲ್ಲು?"

"ಅಯ್ಯೋ, ಅದನ್ನ ಅವತ್ತೇ ಬಿಸಾಡಿದೆ. ಗಬ್ಬು ನಾರ್ತಿತ್ತು. ಯಾರೋ ತಪ್ಪಿ ಕೊಟ್ಟಿರಬೇಕು ಅಂದ್ಕೊಂಡೆ."

ಬೂದು ಮೊಲ ಸೋಫಾದ ಕೆಳಗೆ, ಗೋಡೆಗೆ ಅಂಟಿಕೊಂಡು ಕೂತಿದೆ. ಅಕ್ಕ ಸೋಫಾದ ಮೇಲೆ ಬಗ್ಗಿ ಮೂಸುತ್ತಾರೆ. ಸೋಪಿನ ನೀರಲ್ಲಿ ಒರೆಸಿದ್ದಾರೆ, ಮೇಲೆ ಘಮ್ಮೆನ್ನುತ್ತದೆ, ಒಳಗೆ ಹತ್ತಿಯಲ್ಲಿ ಮೂತ್ರದ ವಾಸನೆ ಹಾಗೇ ಇದೆ. ಮೊಲ ಏನೂ ತಪ್ಪು ಮಾಡುತ್ತಿಲ್ಲ. ಮನೆಯಲ್ಲಿ ತನ್ನ ವಾಸನೆ ಉಳಿದಿರುವ ಒಂದೇ ಒಂದು ಜಾಗಕ್ಕೆ, ದಿನವೂ ತಪ್ಪದೆ, ಮರ್ಯಾದೆಯಿಂದ ಹೋಗಿ ಮಾಡಿಬರುತ್ತಿದೆ. ಅಜ್ಜಿ ಟ್ರೇಯನ್ನು ತಿಕ್ಕಿದಷ್ಟೂ ಅದು ಸೋಫಾಕ್ಕೆ ಹತ್ತಿರವಾಗುತ್ತಿದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತಿದೆಯಲ್ಲ, ಇಲ್ಲಿ ಫಿನಾಯಿಲ್ ಆಗಿದೆ ಅಷ್ಟೇ.

ಆದರೆ ಎಪ್ಪತ್ತು ದಾಟಿದ ಹೆಂಗಸಿಗೆ, ಅವರದೇ ಮನೆಯಲ್ಲಿ ನಿಂತು, ನಿಮ್ಮ ಶುಚಿಯೇ ತಪ್ಪು ಎಂದು ಹೇಳುವುದು ಹೇಗೆ? ಅಕ್ಕ ಸೂಚ್ಯವಾಗಿ ಹೇಳಿದ್ದಕ್ಕೇ ಅಜ್ಜಿಯ ಮುಖ ಬಿಗಿಯುತ್ತದೆ. "ಕೊಳೆ ಇಟ್ಕೊಳ್ಳಿ ಅಂತ ಹೇಳೋಕೆ ಇಷ್ಟು ದೂರ ಬಂದ್ರಾ?" ಎನ್ನುತ್ತಾರೆ. "ಭಾನುವಾರ ಕರ್ಕೊಂಡು ಹೋಗಿ. ನನ್ನ ಕೈಲಾಗಲ್ಲ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಎದುರು ನಾಲ್ಕನೆಯದನ್ನು ತೋರಿಸಿ ಪ್ರಯೋಜನವಿಲ್ಲ. ಅಕ್ಕನಿಗೆ ಅದು ಚೆನ್ನಾಗಿ ಗೊತ್ತು, ಏಕೆಂದರೆ ಒಂದು ಕಾಲದಲ್ಲಿ ಅವರೂ ಅಂಥವರೇ.

ಆಗ ಅಕ್ಕ ನೆಲದ ಮೇಲೆ ಕೂತುಬಿಡುತ್ತಾರೆ. ಹದಿನಾರು ವರ್ಷ ಯಾರಿಗೂ, ಗಂಡನಿಗೂ, ಹೇಳದಿದ್ದುದನ್ನು ಹೇಳುತ್ತಾರೆ.

ಅವರು ಆಶ್ರಯಧಾಮ ಸೇರಿದ ಎರಡನೇ ವರ್ಷ. ಒಂದು ಬಿಳಿ ಮೊಲವಿತ್ತು, ಆಪರೇಷನ್ ಆದದ್ದು. ಅಕ್ಕನ ಕಾಲ ಸುತ್ತ ತಿರುಗುತ್ತಿತ್ತು. ಅದು ಮನೆಗೆ ಹೊರಟಾಗಲೆಲ್ಲ ಅಕ್ಕ ಪ್ರೀತಿಯಿಂದ ಅದರ ಟ್ರೇಯನ್ನು ಫಿನಾಯಿಲ್ ಹಾಕಿ ಮೂರು ಸಲ ತೊಳೆದು, ಬಿಸಿಲಲ್ಲಿ ಒಣಗಿಸಿ, ಜೊತೆಗೆ ಕಳಿಸುತ್ತಿದ್ದರು. ಹೆಣ್ಣುಮಗಳನ್ನು ಕಳಿಸುವಾಗ ಪಾತ್ರೆ ಬೆಳಗಿ ಕೊಡುವಂತೆ. ವಾಪಸ್ ಬಂದಾಗ ಗೂಡಿನ ಟ್ರೇಗೂ ಅದೇ ಉಪಚಾರ. ಮೊಲ ಮೂರು ಮನೆ ನೋಡಿತು, ಮೂರರಿಂದಲೂ ಬಂತು. ಸೂಜಿ ಚುಚ್ಚುವಾಗ ಅದನ್ನು ಹಿಡಿದುಕೊಂಡವರೂ ಅಕ್ಕನೇ. ಮೂರು ವಾರದ ನಂತರ ಡಾಕ್ಟರಮ್ಮ ಬೇರೆ ಯಾರಿಗೋ ಬುದ್ಧಿ ಹೇಳುತ್ತಿದ್ದರು: ಟ್ರೇಗೆ ಫಿನಾಯಿಲ್ ಹಾಕಬೇಡಿ, ತನ್ನ ವಾಸನೆ ಹೋದರೆ ಮೊಲಕ್ಕೆ ದಾರಿ ತಪ್ಪುತ್ತದೆ. ಹಿಂದೆ ನೆಲ ಒರೆಸುತ್ತಿದ್ದ ಅಕ್ಕನ ಕೈ ನಿಂತಿತು.

"ಅದನ್ನ ಕೊಂದಿದ್ದು ಸೂಜಿ ಅಲ್ಲ ಅಮ್ಮ, ನಾನು," ಎನ್ನುತ್ತಾರೆ ಅಕ್ಕ. ಅಳು ಬರುತ್ತದೆ, ತಡೆಯುವುದಿಲ್ಲ. "ಪ್ರೀತಿಯಿಂದ ತೊಳೆದೂ ತೊಳೆದೂ ಕೊಂದೆ. ಇದೂ ಹಾಗೇ ಹೋಗೋದು ಬೇಡ. ಭಾನುವಾರ ಇದು ಬಂದ್ರೆ ಮತ್ತೆ ನಾನೇ ಹಿಡ್ಕೋಬೇಕು."

ಅಜ್ಜಿಯೂ ಮೆಲ್ಲಗೆ ನೆಲಕ್ಕೆ ಕೂರುತ್ತಾರೆ. ಸೊಸೆ ಶಾಲೆಯಿಂದ ಬಂದು, ನೆಲದ ಮೇಲೆ ಕೂತ ಇಬ್ಬರನ್ನೂ ನೋಡಿ, ಚೀಲ ಕೆಳಗಿಡುವುದನ್ನೂ ಮರೆತು ನಿಲ್ಲುತ್ತಾರೆ. ವಾಪಸ್ ಬಂದ ಮೊಲ ಏನಾಗುತ್ತದೆಂದು ಆ ಮನೆಯವರಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಅಜ್ಜಿ ಎದ್ದು, ಆ ಬೆಳಿಗ್ಗೆ ಸೋಫಾ ಒರೆಸಿ ಬಾಲ್ಕನಿಯಲ್ಲಿ ಎಸೆದಿದ್ದ ಬಟ್ಟೆಯನ್ನು ತಂದು ಅಕ್ಕನ ಮುಂದೆ ಹಿಡಿಯುತ್ತಾರೆ. "ಹುಲ್ಲು ಹೋಯ್ತು. ಇದು ಆಗುತ್ತಾ?"

ಆಗುತ್ತದೆ. ಅಕ್ಕ ಟ್ರೇಯನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ತೆಗೆದು ಫಿನಾಯಿಲ್ ಕಳೆಯುತ್ತಾರೆ. ಹುಲ್ಲು ಹಾಸಿ ಬಟ್ಟೆಯನ್ನು ಅದರೊಳಗೆ ಇಡುತ್ತಾರೆ. ತಿನ್ನುವ ಹುಲ್ಲಿನ ಬುಟ್ಟಿಯನ್ನು ಟ್ರೇಯ ಅಂಚಿಗೇ ತೂಗುಹಾಕುತ್ತಾರೆ, ಮೊಲ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಸೋಫಾಕ್ಕೆ ವಿನೆಗರ್ ನೀರು. ಮೊಲಕ್ಕೆ ಇಡೀ ಮನೆ ಬೇಡ, ಹತ್ತು ದಿನ ಒಂದು ಮೂಲೆ ಸಾಕು. ಆಚೀಚೆ ನಾಲ್ಕು ಹಿಕ್ಕೆ ಬಿದ್ದರೆ ಗುಡಿಸಿ ಟ್ರೇಗೆ ಹಾಕಿ, ಬೈಯಬೇಡಿ. ಇಷ್ಟು ಹೇಳಿ ಅಕ್ಕ ಬಸ್ಸು ಹತ್ತುತ್ತಾರೆ.

ಭಾನುವಾರ ಬರುತ್ತದೆ. ಅವತ್ತು ಅಕ್ಕ ಸಂಜೆ ಐದರವರೆಗೆ ಗೇಟಿನ ಕಡೆ ನೋಡುತ್ತಲೇ ಟ್ರೇ ತೊಳೆಯುತ್ತಾರೆ. ಯಾರೂ ಬರುವುದಿಲ್ಲ. ಮುಂದಿನ ಭಾನುವಾರವೂ ಬರುವುದಿಲ್ಲ. ಸುದ್ದಿ ಕೇಳೋಣವೆಂದರೆ ಧೈರ್ಯವಿಲ್ಲ. ಹತ್ತೊಂಬತ್ತನೇ ದಿನ ಆಫೀಸಿನ ಫೋನಿಗೆ ಅಜ್ಜಿಯೇ ಕರೆ ಮಾಡಿ, ಆ ತೊಳೆಯೋ ಹೆಂಗಸನ್ನ ಕರೀರಿ ಎನ್ನುತ್ತಾರೆ. ಅಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನ್ ಹಿಡಿಯುತ್ತಾರೆ.

"ನಾಲ್ಕು ದಿನದಿಂದ ಆ ಟ್ರೇ ನೀರು ಕಂಡಿಲ್ಲ ಕಣಮ್ಮಾ," ಅಜ್ಜಿಯ ದನಿ ಪಕ್ಕದಲ್ಲಿ ನಿಂತವರಿಗೂ ಕೇಳುತ್ತದೆ. "ನಮ್ಮ ತಂಗಿ ಬಂದಿದ್ಲು, ಮೂಗು ಮುಚ್ಕೊಂಡ್ಲು. ಮಾನ ಮೂರು ಕಾಸಿಗೆ ಹೋಯ್ತು. ಆದ್ರೆ ಸೋಫಾ ಒಣಗಿದೆ. ಅದು ಸೀದಾ ಟ್ರೇಗೇ ಹೋಗುತ್ತೆ. ನಾನೇ ಕೂತು ನೋಡಿದೆ."

ಅಕ್ಕ ಹೂಂ, ಹೂಂ ಎನ್ನುತ್ತಾರೆ. ಫೋನ್ ಇಟ್ಟು ಕೋಣೆಗೆ ಮರಳಿ, ಅರ್ಧಕ್ಕೆ ಬಿಟ್ಟಿದ್ದ ಟ್ರೇಯ ಮುಂದೆ ಮಂಡಿಯೂರುತ್ತಾರೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ, ಡಾಕ್ಟರಮ್ಮನೂ ಓದುತ್ತಾರಲ್ಲ, ಎಂದು ಕೇಳಿದರೆ ಚೀಲದಿಂದ ಒಂದು ಹಿಡಿ ಹುಲ್ಲು ತೆಗೆದು ಟ್ರೇಯ ಮೂಲೆಗೆ ಇಡುತ್ತಾರೆ.

"ಬರೀರಿ. ನನ್ನ ಫೋಟೋ ಗೀಟೋ ಬೇಡ," ಎನ್ನುತ್ತಾರೆ. "ಆ ಬಿಳಿ ಮೊಲಕ್ಕೆ ಬುದ್ಧಿ ಇಲ್ಲ ಅಂತ ಮೂರು ಮನೆಯವರೂ ಹೇಳಿ ಹೋದ್ರು. ಅದಕ್ಕೆ ಬುದ್ಧಿ ಇತ್ತು. ಅಷ್ಟು ಬರೆದ್ರೆ ಸಾಕು."